ಲಿವರಿನ ಕೊಬ್ಬು ಮತ್ತು ಮನಸ್ಸಿನ ತಯಾರಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದ ಹಿಂದಿನ ದಿನ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಓದಿರುವುದು ಎಸ್.ಎಸ್.ಎಲ್.ಸಿ. ಡಾಕ್ಟರಲ್ಲ. ನಾಳೆ ಶಿಬಿರಕ್ಕೆ ಡಾಕ್ಟರು ಬರುತ್ತಾರೆ, ರೋಗದ ವಿಚಾರ ಅವರು ಹೇಳುತ್ತಾರೆ. ಹಾಗಿದ್ದ ಮೇಲೆ ಇವನದೇನು ಭಾಷಣ ಅಂತ ನೀವು ಕೇಳಬಹುದು. ಅಧ್ಯಕ್ಷರು ನನ್ನನ್ನು ನಿಲ್ಲಿಸಿರುವುದಕ್ಕೆ ಕಾರಣ ಒಂದೇ. ಆ ರೋಗ ನನಗಿದೆ, ಮತ್ತು ಅದನ್ನು ಒಂದೂವರೆ ವರ್ಷ ನಾನು ಬೀರುವಿನಲ್ಲಿ ಬಚ್ಚಿಟ್ಟಿದ್ದೆ.

ನಮ್ಮ ಡೈರಿಯಲ್ಲಿ ಫ್ಯಾಟ್ ಅಂದರೆ ಎಲ್ಲರ ಮುಖವೂ ಅರಳುತ್ತದೆ. ನಾಲ್ಕು ಬಂದರೆ ಸಂತೋಷ, ಮೂರೂವರೆಗಿಂತ ಇಳಿದರೆ ಕಾರ್ಯದರ್ಶಿ ಜೊತೆ ಜಗಳ. ಆದರೆ ಮನುಷ್ಯನ ಲಿವರಿನಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಕೊಬ್ಬು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಅನ್ನುತ್ತಾರೆ. ಲಿವರ್ ಅಂದರೆ ಕುರಿ ಕೊಯ್ದಾಗ ನಾವು ಈಲಿ ಅಂತೀವಲ್ಲ, ಅದೇ. ಇದು ಪಟ್ಟಣದ ಸಾಹುಕಾರರ ಕಾಯಿಲೆ ಅಂದುಕೊಳ್ಳಬೇಡಿ. ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ದೊಡ್ಡವರಲ್ಲಿ ನೂರಕ್ಕೆ ಸುಮಾರು 38 ಜನರಿಗೆ ಇದು ಕಂಡಿತ್ತು. ಕೇಂದ್ರ ಸರ್ಕಾರ 2021ರಲ್ಲೇ ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಇದನ್ನೂ ಸೇರಿಸಿತು. ಈ ಲೆಕ್ಕಗಳನ್ನೆಲ್ಲ ನನಗೆ ಓದಿ ಕನ್ನಡದಲ್ಲಿ ಹೇಳಿದವಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ನಮ್ಮಣ್ಣನ ಮಗಳು. ತಪ್ಪಿದ್ದರೆ ಅದು ನಾನು ಕೇಳಿಸಿಕೊಂಡದ್ದರಲ್ಲಿ ಇರುತ್ತದೆ, ಅವಳದ್ದಲ್ಲ.

2022ರ ಸುಗ್ಗಿ ಹೊತ್ತಿನಲ್ಲಿ ನನಗೆ ಪಕ್ಕೆ ನೋವು ಬಂತು. ಕಲ್ಲಿರಬಹುದು ಅಂತ ಸ್ಕ್ಯಾನಿಂಗ್ ಮಾಡಿಸಿದರೆ ಕಲ್ಲಿರಲಿಲ್ಲ. ಬದಲಿಗೆ ‘ಗ್ರೇಡ್ 2 ಫ್ಯಾಟಿ ಲಿವರ್’ ಅಂತ ಬರೆದಿದ್ದರು. ನನ್ನ ತೂಕ ಆಗ 84 ಕೆ.ಜಿ. ಅಲ್ಲಿ ನೋಡಿದ ವೈದ್ಯರು ಎರಡೇ ನಿಮಿಷದಲ್ಲಿ, “ಹೊಟ್ಟೆ ನೋಡ್ಕೊಳ್ರೀ, ಬಾಯಿ ಕಟ್ಟಿ, ಇಲ್ಲಾಂದ್ರೆ ಸಾಯ್ತೀರಿ” ಅಂದರು. ಹೊರಗೆ ಜನ ಕಾದಿದ್ದರು, ಅವರ ತಪ್ಪು ಅಂತ ಈಗ ನಾನು ಹೇಳುವುದಿಲ್ಲ. ಆದರೆ ಆ ಮಾತು ಕೇಳಿ ನನಗೆ ಬಂದದ್ದು ಭಯವಲ್ಲ, ಸಿಟ್ಟು. ಪಕ್ಕೆ ನೋವು ನಾಲ್ಕು ದಿನಕ್ಕೆ ಹೋಯಿತು. ರಿಪೋರ್ಟು ಬೀರು ಸೇರಿತು.

ನನ್ನ ಮನಸ್ಸಿನಲ್ಲಿ ಆಗ ಏನಿತ್ತು ಅಂತ ಉಳಿಸದೆ ಹೇಳಿಬಿಡುತ್ತೇನೆ. ನಾನು ಕುಡಿಯೋನಲ್ಲ, ಲಿವರ್ ಕಾಯಿಲೆ ನನಗ್ಯಾಕೆ ಬಂದಾತು ಅನ್ನುವುದು ಒಂದು. ನಾನು ರೈತ, ಮೈ ಬಗ್ಗಿಸಿ ದುಡಿಯೋನು ಅನ್ನುವುದು ಇನ್ನೊಂದು. ಆದರೆ ನಿಜವಾಗಿ ನಾನು ಎಷ್ಟು ದುಡಿಯುತ್ತಿದ್ದೆ? ಉಳುವುದಕ್ಕೆ ಟ್ರ್ಯಾಕ್ಟರು, ಹಾಲು ಕರೆಯುವುದಕ್ಕೆ ಮಿಷನ್ನು, ಕರೆಂಟು ಬಂದರೆ ಪಂಪ್‌ಸೆಟ್ಟು ತಾನೇ ಓಡುತ್ತದೆ. ಕೂಗಳತೆ ದೂರದ ಡೈರಿಗೆ ಕ್ಯಾನು ತರುವುದಕ್ಕೂ ಬೈಕು. ಅಪ್ಪನ ಕಾಲದ ಊಟ ಹಾಗೇ ಉಳಿದಿತ್ತು, ಅಪ್ಪನ ಕಾಲದ ಕೆಲಸ ಹೋಗಿತ್ತು. ಮುದ್ದೆ ಆದ ಮೇಲೆ ಎರಡು ಸಲ ಅನ್ನ, ಅದರ ಮೇಲೆ ಡೈರಿಯಲ್ಲಿ, ಹೋಟೆಲಿನಲ್ಲಿ ಸಿಕ್ಕಸಿಕ್ಕವರ ಜೊತೆ ಟೀ.

ಇನ್ನು ನಮ್ಮ ಭಾವನ ವಿಚಾರ. ನಮ್ಮಕ್ಕನ ಅಪ್ಪಣೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. 2023ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು, ಒಂದು ರಾತ್ರಿ ರಕ್ತ ಕಾರಿಕೊಂಡರು, ಎರಡು ತಿಂಗಳಲ್ಲಿ ಹೋಗಿಬಿಟ್ಟರು. ಲಿವರ್ ಪೂರಾ ಗಟ್ಟಿಯಾಗಿ ಗಂಟುಗಂಟಾಗಿದೆ ಅಂದಿದ್ದರು. ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದ ಮನುಷ್ಯ. ಆದರೆ ಮಣ್ಣಿಗೆ ಬಂದಿದ್ದ ಜನ ಹಿಂದೆ ನಿಂತು ಮಾತಾಡಿದ್ದು ಏನು? “ಕದ್ದು ಕುಡೀತಿದ್ದ ಅಂತ ಕಾಣ್ತದೆ ಕಣ್ಲಾ.” ಆ ಮಾತು ನಮ್ಮಕ್ಕನ ಕಿವಿಗೂ ಬಿತ್ತು. ಗಂಡ ಹೋದ ದುಃಖಕ್ಕಿಂತ ಆ ಮಾತಿನ ದುಃಖ ಅವಳಿಗೆ ಇನ್ನೂ ಆರಿಲ್ಲ.

ಈ ವಿಷಯದಲ್ಲಿ ಹಳ್ಳಿಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹಿಂದೆ ಡಾಕ್ಟರುಗಳೂ ಇಂಥ ರೋಗಿಗಳನ್ನು ನಂಬುತ್ತಿರಲಿಲ್ಲವಂತೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ಲುಡ್‌ವಿಗ್ ಮತ್ತು ಅವರ ಜೊತೆಯವರು 1980ರಲ್ಲಿ 20 ಜನ ರೋಗಿಗಳ ವಿವರ ಕೊಟ್ಟು, ಕುಡಿಯದವರಿಗೂ ಕುಡುಕರ ಹಾಗೆಯೇ ಲಿವರ್ ಕೆಡುತ್ತದೆ ಅಂತ ಬರೆದ ಮೇಲೆ ಅದಕ್ಕೊಂದು ಹೆಸರು ಬಂತು. 2023ರಲ್ಲಿ ವೈದ್ಯರ ಸಂಘಗಳೆಲ್ಲ ಸೇರಿ ಆ ಹೆಸರನ್ನೂ ಬದಲಾಯಿಸಿ, ಕುಡಿತ ಅನ್ನುವ ಮಾತನ್ನೂ ಕೊಬ್ಬು ಅನ್ನುವ ಮಾತನ್ನೂ ತೆಗೆದುಹಾಕಿದರು. ಕೇಳಿದವರಿಗೆ ಅವಮಾನವಾಗುತ್ತದೆ ಅಂತ. ಅವಮಾನಕ್ಕೆ ಹೆದರಿದವನು ರೋಗವನ್ನು ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳದವನು ಬದಲಾಗುವುದು ಎಲ್ಲಿಂದ ಬಂತು?

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕ ಭಾವನ ಟ್ರಂಕು ತೆಗೆದಳು. ಜಮೀನಿನ ಪಹಣಿ, ಎಲ್.ಐ.ಸಿ. ಬಾಂಡುಗಳ ಅಡಿಯಲ್ಲಿ ಒಂದು ಹಳೇ ಕವರು ಇತ್ತು. ಸ್ಕ್ಯಾನಿಂಗ್ ರಿಪೋರ್ಟು. 2016ನೇ ಇಸವಿಯದು. ‘ಗ್ರೇಡ್ 2 ಫ್ಯಾಟಿ ಲಿವರ್.’ ನನ್ನ ಬೀರುವಿನಲ್ಲಿ ಇದ್ದದ್ದೂ ಅಕ್ಷರ ಬಿಡದೆ ಅದೇ.

ಇಷ್ಟಾದ ಮೇಲೆ ನಾನು ಬದಲಾದೆ ಅಂತ ನೀವು ತಿಳಿದಿರಬಹುದು. ಇಲ್ಲ. ನನಗೆ ಆದದ್ದು ಗಾಬರಿ. ಊಟ ಬಿಟ್ಟೆ. ಹತ್ತು ದಿನ ಬರೀ ಮಜ್ಜಿಗೆ, ಸೌತೆಕಾಯಿ. ಹನ್ನೊಂದನೇ ದಿನ ಕೊಟ್ಟಿಗೆಯಲ್ಲಿ ತಲೆ ತಿರುಗಿ ಬಿದ್ದೆ. ಅವತ್ತು ಹಸು ನೋಡಲು ಬಂದಿದ್ದ ಪಶುವೈದ್ಯರು ನನ್ನನ್ನು ಎತ್ತಿ ಕೂರಿಸಿ ವಿಷಯ ಕೇಳಿ ನಕ್ಕರು. “ಅಣ್ಣಾ, ಗಬ್ಬದಲ್ಲಿ ಕೊಬ್ಬಿದ ಹಸು ಕರು ಹಾಕಿ ಮೇವು ಬಿಟ್ಟರೆ ಏನಾಗ್ತದೆ ಗೊತ್ತಲ್ಲ? ಮೈಯ ಕೊಬ್ಬೆಲ್ಲ ಒಂದೇ ಸಲ ಕರಗಿ ಲಿವರಿಗೆ ಹೋಗಿ ಕೂರ್ತದೆ. ಅದಕ್ಕೂ ಫ್ಯಾಟಿ ಲಿವರ್ರೇ. ನೀವೂ ಹಂಗೇ ಮಾಡ್ಕೊತಾ ಇದೀರ.” ಮನುಷ್ಯರಿಗೂ ಅದು ನಿಜವಂತೆ, ತೂಕ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿದರೆ ಸಾಕು, ಏಕ್‌ದಂ ಇಳಿಸಿದರೆ ಲಿವರಿಗೇ ಪೆಟ್ಟು. ಆಮೇಲೆ ನಾನು ಹಳೇ ಊಟಕ್ಕೆ ಬಂದೆ. ಭಯ ಒಂದು ತಿಂಗಳೂ ಉಳಿಯಲಿಲ್ಲ.

ಭಾವನ ಸಾವು ನೋಡಿಯೂ ಬದಲಾಗದ ನಾನು ಎಂಥ ಮನುಷ್ಯ ಅಂತ ನನಗೇ ನಾಚಿಕೆಯಾಗಿತ್ತು. ಆಗ ನನಗೆ ನೆನಪಿಗೆ ಬಂದದ್ದು ನಮ್ಮಪ್ಪ ಈ ಸಂಘಕ್ಕೆ ಸೇರಿದ ಕಥೆ. ಬೆಳ್ಳಿಹಬ್ಬದ ಹೊತ್ತಿನಲ್ಲಿ ಅದನ್ನು ಹೇಳಿದರೆ ತಪ್ಪಾಗಲಾರದು.

ಸಂಘ ಶುರುವಾದಾಗ ಆಗಿನ ಅಧ್ಯಕ್ಷರು ಮನೆಮನೆಗೆ ಬಂದು ಷೇರು ಕಟ್ಟಿಸಿಕೊಳ್ಳುತ್ತಿದ್ದರು. ನಮ್ಮಪ್ಪ ಜಗಲಿ ಮೇಲೆ ಕೂತುಕೊಂಡೇ, “ಡೈರಿ ಅಂದ್ರೆ ಮೋಸ ಕಣಪ್ಪ, ಫ್ಯಾಟು ಡಿಗ್ರಿ ಅಂತ ಕಾಸು ಕಡೀತಾರೆ. ನಮ್ಮ ಹಾಲು ಹೋಟ್ಲಿನವನಿಗೆ ವರ್ತನೆ ಹೋಗ್ತಾ ಅದೆ, ಅದೇ ಸಾಕು” ಅಂತ ಕಳಿಸಿಬಿಟ್ಟರು. ಎರಡನೇ ಸಲ ಬಂದಾಗ ಒಳಗೇ ಇದ್ದು ಇಲ್ಲ ಅನ್ನಿಸಿದರು. ಆಮೇಲೆ ಬಟವಾಡೆ ಶುರುವಾಯಿತು. ಅಪ್ಪ ಬಟವಾಡೆ ದಿನ ತಪ್ಪದೆ ಅರಳಿಕಟ್ಟೆ ಮೇಲೆ ಹೋಗಿ ಕೂರುವರು. ಹೋಗಿ ಬರುವವರನ್ನು “ನಿಂಗೆಷ್ಟು ಬಂತು?” ಅಂತ ಕೇಳುವರು. ಮನೆಗೆ ಬಂದು, ಒಳ್ಳೇದೇ ಅಂತ ಕಾಣ್ತದೆ, ಆದರೆ ಹೋಟ್ಲಿನವನ ಹತ್ರ ಮುಂಗಡ ತಗೊಂಡಿದೀವಲ್ಲ ಅನ್ನುವರು. ಹೀಗೇ ಒಂದು ವರ್ಷ ಕಳೆಯಿತು. ಆಮೇಲೆ ಒಂದು ದಿನ ಸಂತೆಯಿಂದ ಹೊಸ ಕ್ಯಾನು ತಂದರು. ತಂದು ಗೋಡೆಯ ಮೊಳೆಗೆ ನೇತುಹಾಕಿದರು! ಎರಡು ತಿಂಗಳು ಅದು ಅಲ್ಲೇ ನೇತಾಡುತ್ತಿತ್ತು, ಅವ್ವ ದಿನಾ ಬೈಯುತ್ತಿದ್ದಳು. ಕೊನೆಗೆ ಸಂಜೆ ಹಾಲು ಒಂದು ಲೀಟರು ಮಾತ್ರ ಡೈರಿಗೆ, ಮಿಕ್ಕದ್ದು ಹೋಟೆಲಿಗೆ. ಪೂರ್ತಿ ಹಾಲು ಬಂದದ್ದು ಮೂರನೇ ವರ್ಷ. ಅದೂ ನಿಲ್ಲಲಿಲ್ಲ. ಮಳೆ ಹೋದ ವರ್ಷ ಕೈಯಲ್ಲಿ ಕಾಸಿಲ್ಲದೆ ನಾಲ್ಕು ತಿಂಗಳು ಮತ್ತೆ ಹೋಟೆಲಿನವನ ಹತ್ತಿರ ಹೋಗಿ ಮುಂಗಡ ತಗೊಂಡರು. ವಾಪಸ್ಸು ಬಂದಾಗ ಆಗಿನ ಅಧ್ಯಕ್ಷರು ಒಂದು ಮಾತೂ ಆಡದೆ ಕಾರ್ಡು ತೆಗೆದುಕೊಟ್ಟರು. ಅವತ್ತು ಅವರು ಹಂಗಿಸಿದ್ದರೆ ನಮ್ಮಪ್ಪ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ, ನಾನು ಇವತ್ತು ನಿರ್ದೇಶಕನಾಗಿ ಇಲ್ಲಿ ನಿಲ್ಲುತ್ತಲೂ ಇರಲಿಲ್ಲ.

ಇದನ್ನೇ ನಮ್ಮಣ್ಣನ ಮಗಳಿಗೆ ಹೇಳಿದೆ. ಅವಳು, “ಚಿಕ್ಕಪ್ಪ, ಇದು ನಮ್ಮ ಪಾಠದಲ್ಲೇ ಇದೆ” ಅಂದಳು. ಅಮೆರಿಕದ ಪ್ರೊಚಾಸ್ಕಾ, ಡಿಕ್ಲಿಮೆಂಟೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬೀಡಿ ಸಿಗರೇಟು ಬಿಡುವವರನ್ನು ನೋಡಿ 1983ರಲ್ಲಿ ಬರೆದಿದ್ದಾರಂತೆ. ಮನುಷ್ಯ ಒಂದೇ ಏಟಿಗೆ ಬದಲಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತಾನೆ. ಜಗಲಿ ಮೇಲೆ ಕೂತು ಬೇಡ ಅನ್ನುವ ಕಾಲ, ಅರಳಿಕಟ್ಟೆಯಲ್ಲಿ ಕೂತು ಅಳೆದು ಸುರಿಯುವ ಕಾಲ, ಕ್ಯಾನು ತಂದು ಮೊಳೆಗೆ ಹಾಕುವ ಕಾಲ, ಹಾಲು ಹಾಕುವ ಕಾಲ, ಹಾಕುವುದನ್ನು ಉಳಿಸಿಕೊಳ್ಳುವ ಕಾಲ. ನಡುವೆ ಜಾರುವುದೂ ಇದೆ. ಜಗಲಿ ಮೇಲೆ ಕೂತವನ ಕೈಗೆ ಕ್ಯಾನು ಕೊಟ್ಟರೆ ಅವನು ಎಸೆಯುತ್ತಾನೆ. ಕ್ಯಾನು ತಂದವನಿಗೆ ಮತ್ತೆ ಭಾಷಣ ಮಾಡಿದರೆ ಅವನಿಗೆ ಬೇಸರ. ಇಟಲಿಯ ವೈದ್ಯರು ಫ್ಯಾಟಿ ಲಿವರ್ ಇದ್ದವರನ್ನೇ ಕೂರಿಸಿಕೊಂಡು ಈ ಮೆಟ್ಟಿಲಿನ ಲೆಕ್ಕ ಹಾಕಿ 2013ರಲ್ಲಿ ಬರೆದರಂತೆ, ಬಹಳ ಜನ ಬದಲಾವಣೆಗೆ ಇನ್ನೂ ತಯಾರೇ ಆಗಿರಲಿಲ್ಲ, ಅದರಲ್ಲೂ ಮೈ ದಂಡಿಸುವ ವಿಷಯದಲ್ಲಿ. ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಇಟಲಿಯಲ್ಲೂ ನನ್ನಂಥವರು ಇದ್ದಾರಲ್ಲ ಅಂತ.

ನಾನು ಜಗಲಿಯಿಂದ ಇಳಿದದ್ದು ಒಬ್ಬ ಸರ್ಕಾರಿ ಡಾಕ್ಟರಮ್ಮನಿಂದ. ಬೀರುವಿನ ರಿಪೋರ್ಟನ್ನು ನನ್ನ ಹೆಂಡತಿಯೇ ತೆಗೆದು ಚೀಲಕ್ಕೆ ಹಾಕಿದ್ದಳು. ಡಾಕ್ಟರಮ್ಮ ರಿಪೋರ್ಟು ನೋಡಿದರು, ಬೈಯಲಿಲ್ಲ. “ಸೊನ್ನೆಯಿಂದ ಹತ್ತರ ಒಳಗೆ ಹೇಳಿ, ಊಟ ತಿಂಡಿ ಬದಲಾಯಿಸೋಕೆ ನೀವು ಎಷ್ಟು ತಯಾರಿದ್ದೀರಿ?” ಅಂದರು. ನಾನು ಮುಖ ನೋಡದೆ, “ನಾಲ್ಕು ಅಂತ ಬರ್ಕೊಳಿ” ಅಂದೆ. ಯಾಕೆ ಹತ್ತಿಲ್ಲ ಅಂತ ಬೈಸಿಕೊಳ್ಳಲು ತಯಾರಾಗಿ ಕೂತೆ. ಅವರು ಕೇಳಿದ್ದೇ ಬೇರೆ. “ನಾಲ್ಕು ಯಾಕೆ? ಒಂದು ಅಂತ ಯಾಕೆ ಹೇಳಲಿಲ್ಲ?”

ನನಗೆ ತಕ್ಷಣ ಮಾತು ಬರಲಿಲ್ಲ. ಆಮೇಲೆ ಬಂತು ನೋಡಿ. ಭಾವನ ಟ್ರಂಕು, ಅಕ್ಕನ ಬರಿಗೈ, ಪಿ.ಯು.ಸಿ.ಯಲ್ಲಿರುವ ಮಗಳು, ತೀರದ ಸಾಲ. ಒಂದೂವರೆ ವರ್ಷ ಬೇರೆಯವರು ನನಗೆ ಹೇಳಿದ್ದನ್ನೆಲ್ಲ ನನ್ನ ಬಾಯಲ್ಲೇ ನಾನು ಹೇಳಿದೆ. ಬೇರೆಯವರು ಹೇಳಿದರೆ ವಾದಿಸಬಹುದು, ನಾನೇ ಹೇಳಿದ ಮೇಲೆ ಯಾರ ಜೊತೆ ವಾದಿಸಲಿ? ಇದೂ ಒಂದು ವಿದ್ಯೆಯಂತೆ. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಅದೇ 1983ರಲ್ಲಿ ಕುಡಿತದ ತೊಂದರೆ ಇದ್ದವರಿಗಾಗಿ ಈ ಬಗೆಯ ಮಾತುಕತೆಯನ್ನು ಮೊದಲು ಬರೆದರಂತೆ. ಆಮೇಲೆ ಎಲ್ಲ ರೋಗಕ್ಕೂ ಬಳಕೆಗೆ ಬಂತು.

ಡಾಕ್ಟರಮ್ಮ ಇನ್ನೊಂದು ಕೇಳಿದರು. “ದಿನಾ ಅರ್ಧ ಗಂಟೆ ನಡೆಯಬಲ್ಲೆ ಅನ್ನೋ ಧೈರ್ಯ ಎಷ್ಟಿದೆ?” ನಾನು ಎರಡು ಅಂದೆ. “ಹಾಗಾದ್ರೆ ನಡಿಗೆ ಈಗ ಬೇಡ. ಯಾವುದಕ್ಕೆ ಏಳೆಂಟು ಧೈರ್ಯ ಇದೆ ಅದನ್ನ ಹೇಳಿ.” ನಾನು ಯೋಚನೆ ಮಾಡಿ ಟೀ ಸಕ್ಕರೆ ಅಂದೆ. ಸಂಘದ ಲೆಕ್ಕ ನೋಡಿ ಅಭ್ಯಾಸವಾದವನು, ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಏಳು ಟೀ, ಒಂದಕ್ಕೆ ಎರಡು ಚಮಚ, ಒಟ್ಟು ಹದಿನಾಲ್ಕು ಚಮಚ. ಚಮಚಕ್ಕೆ ಐದು ಗ್ರಾಂ ಅಂದರೂ 70 ಗ್ರಾಂ. ತಿಂಗಳಿಗೆ ಎರಡು ಕೆ.ಜಿ. ಮೇಲೆ! ಹಸುವಿಗೆ ತಿಂಗಳಿಗೆ ಎಷ್ಟು ಖನಿಜ ಮಿಶ್ರಣ ಹಾಕಬೇಕು ಅಂತ ಬರೆದಿಟ್ಟುಕೊಳ್ಳುವ ನಾನು ನನ್ನ ಹೊಟ್ಟೆಗೆ ಹೋಗುತ್ತಿದ್ದ ಸಕ್ಕರೆಯನ್ನು ಒಂದು ದಿನವೂ ಲೆಕ್ಕ ಇಟ್ಟಿರಲಿಲ್ಲ.

ಏಳು ಟೀ ಮೂರಾಯಿತು, ಮೂರಕ್ಕೂ ಸಕ್ಕರೆ ಹೋಯಿತು. ಮೊದಲ ಹದಿನೈದು ದಿನ ಕಷಾಯ ಕುಡಿದ ಹಾಗಿತ್ತು. ಎರಡು ತಿಂಗಳಿಗೆ ಎರಡು ಕೆ.ಜಿ. ಇಳಿದಾಗ ಧೈರ್ಯ ಬಂತು. ಆಮೇಲೆ ಎರಡನೇ ಸಲದ ಅನ್ನ ಬಿಟ್ಟೆ. ಮುದ್ದೆ ಬಿಡಿ ಅಂತ ಯಾರೂ ಹೇಳಲಿಲ್ಲ, ಗಾತ್ರ ಕಮ್ಮಿ ಮಾಡಿ ಸೊಪ್ಪು ಕಾಳು ಜಾಸ್ತಿ ಮಾಡಿ ಅಂದರು ಅಷ್ಟೆ. ಡೈರಿಗೆ ಬೈಕು ಬಿಟ್ಟು ನಡೆದು ಬರುವುದಕ್ಕೆ ಇನ್ನೂ ಆರು ತಿಂಗಳಾಯಿತು. “ಯಾಕಣ್ಣ, ಬೈಕಿಗೆ ಪೆಟ್ರೋಲ್ ಇಲ್ವಾ?” ಅಂತ ಕೇಳಿದವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ.

ಜಾರಿದ್ದೂ ಹೇಳಬೇಕು. ಹೋದ ವರ್ಷ ಮೂರು ಬೀಗರೂಟ ಒಂದೇ ತಿಂಗಳಲ್ಲಿ ಬಂದವು, ಜೊತೆಗೆ ಮಾರಿಹಬ್ಬ. ಒಂದೂವರೆ ಕೆ.ಜಿ. ವಾಪಸ್ಸು ಬಂತು. ಹಿಂದಿನ ನಾನಾಗಿದ್ದರೆ ಎಲ್ಲ ಕೆಟ್ಟುಹೋಯಿತು ಅಂತ ಪೂರಾ ಬಿಟ್ಟುಬಿಡುತ್ತಿದ್ದೆ. ಅಪ್ಪನ ಕಾರ್ಡು ನೆನಪಾಯಿತು. ಮಾರನೇ ದಿನದಿಂದ ಮತ್ತೆ ಶುರು ಮಾಡಿದೆ. ಈಗ ನಾನು 78 ಕೆ.ಜಿ. ಇದ್ದೇನೆ. ಮೊನ್ನೆ ಸ್ಕ್ಯಾನಿಂಗಿನಲ್ಲಿ ಗ್ರೇಡ್ 1 ಬಂದಿದೆ. ವಾಸಿಯಾಯಿತು ಅಂತ ಡಾಕ್ಟರಮ್ಮ ಹೇಳಿಲ್ಲ, ಕಮ್ಮಿಯಾಗಿದೆ ಅಂದಿದ್ದಾರೆ.

ಆರು ಕೆ.ಜಿ. ಏನು ಮಹಾ ಅನ್ನಬೇಡಿ. ಕ್ಯೂಬಾ ದೇಶದಲ್ಲಿ ಈ ಕಾಯಿಲೆ ಮುಂದುವರೆದಿದ್ದ 293 ಜನರಿಗೆ ಒಂದು ವರ್ಷ ಊಟ ವ್ಯಾಯಾಮದ ಸಲಹೆ ಕೊಟ್ಟು ನೋಡಿ 2015ರಲ್ಲಿ ಪ್ರಕಟಿಸಿದ್ದಾರೆ. ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿಸಿದವರಲ್ಲಿ ಹತ್ತಕ್ಕೆ ಒಂಬತ್ತು ಜನರ ಲಿವರಿನ ಉರಿಯೂತ ಹೋಗಿತ್ತು. ಆದರೆ ಅಷ್ಟು ಇಳಿಸಿದವರು ಎಷ್ಟು ಜನ? 29. ನೂರಕ್ಕೆ ಐದು ಪಾಲಾದರೂ ಇಳಿಸಿದವರು 88. ಮಿಕ್ಕ ಇನ್ನೂರು ಚಿಲ್ಲರೆ ಜನಕ್ಕೂ ಅದೇ ಸಲಹೆ ಕೊಟ್ಟಿದ್ದರು. ಔಷಧಿ ಎಲ್ಲರ ಕೈಯಲ್ಲೂ ಇತ್ತು ಅಂದ ಹಾಗಾಯಿತು, ಕ್ಯಾನು ಮೊಳೆಯಲ್ಲೇ ನೇತಾಡುತ್ತಿತ್ತು. ಮಾತ್ರೆ ಇಲ್ಲವಾ ಅಂತ ಕೇಳುವವರಿಗೆ ಒಂದು ಮಾತು. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್ ಅನ್ನುವ ಮಾತ್ರೆಗೆ ಅನುಮತಿ ಸಿಕ್ಕಿತು. ಅದೂ ಲಿವರ್ ಗಟ್ಟಿಯಾಗುತ್ತಾ ಬಂದವರಿಗೆ ಮಾತ್ರ, ಅದೂ ಪಥ್ಯ ವ್ಯಾಯಾಮದ ಜೊತೆಗೆ. ಲಿವರ್ ತೊಳೆಯುತ್ತೇವೆ ಅಂತ ಸಂತೆಯಲ್ಲಿ ಮಾರುವ ಪುಡಿಗಳನ್ನು ದಯವಿಟ್ಟು ತರಬೇಡಿ. ಕುಡಿಯುವ ಅಭ್ಯಾಸ ಇರುವವರು ನಾಳೆ ಡಾಕ್ಟರ ಹತ್ತಿರ ಅದನ್ನು ಮುಚ್ಚಿಡಬೇಡಿ. ನಾನು ಹೇಳಿದ ಮೆಟ್ಟಿಲುಗಳು ಅವರಿಗೂ ಅವೇ.

ತಾಯಂದಿರ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ, ಒಪ್ಪಿಕೊಳ್ಳುತ್ತೇನೆ. ನನ್ನ ತೂಕ ಇಳಿದ ಉಮೇದಿನಲ್ಲಿ ಡೈರಿಗೆ ಬಂದ ಒಬ್ಬ ತಾಯಿಗೆ, ಅವರಿಗೂ ಇದೇ ಕಾಯಿಲೆ, ವಾಕಿಂಗ್ ಮಾಡ್ರವ್ವ ಅಂದೆ. “ನಾಕು ಹಸ ಕಟ್ಟಿವ್ನಿ, ಹುಲ್ಲು ಹೊರೆ ಹೊರ್ತೀನಿ, ಇನ್ನೇನ್ ವಾಕಿಂಗು ಮಾಡ್ಲಿ ಕಣಣ್ಣ?” ಅಂದರು. ಅವರು ಹೇಳಿದ್ದು ಸರಿ. ಅವರನ್ನು ನಾನು ಕೇಳಲೇ ಇಲ್ಲ, ಹೇಳಿಬಿಟ್ಟೆ. ಆಮೇಲೆ ನನ್ನ ಹೆಂಡತಿ ಕೂತು ಮಾತಾಡಿದಾಗ ತಿಳಿಯಿತು. ಬೆಳಿಗ್ಗೆ ಹನ್ನೊಂದರ ತನಕ ಬರೀ ಟೀ, ಆಮೇಲೆ ಮಿಕ್ಕ ಅನ್ನವನ್ನೆಲ್ಲ ಚೆಲ್ಲಬಾರದು ಅಂತ ತಾವೇ ಉಣ್ಣುವುದು. ಆ ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಬದಲಾಗಬೇಕು, ಗಂಡ ಮಕ್ಕಳು ಒಪ್ಪಬೇಕು. ಅವರೊಬ್ಬರ ಮನಸ್ಸು ತಯಾರಾದರೆ ಸಾಲದು, ಮನೆಯೇ ತಯಾರಾಗಬೇಕು. ಗಂಡಸರು ಇದನ್ನು ಸ್ವಲ್ಪ ಕಿವಿಗೆ ಹಾಕಿಕೊಳ್ಳಿ.

ಸಂಘದ ಕಡೆಯಿಂದ ಆದದ್ದು ಒಂದು ಸಣ್ಣ ಕೆಲಸ. ಇನ್ನು ಮುಂದೆ ಡೈರಿಯಲ್ಲಿ ಟೀ ಎರಡು ಫ್ಲಾಸ್ಕಿನಲ್ಲಿ ಬರುತ್ತದೆ, ಒಂದರಲ್ಲಿ ಸಕ್ಕರೆ ಇರುವುದಿಲ್ಲ. ಇದಕ್ಕೆ ಒಂದು ಗಂಟೆ ಚರ್ಚೆಯಾಗಿ, ಆಡಳಿತ ಮಂಡಳಿ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆದಿದೆ. ಯಾರಿಗೂ ಬಲವಂತವಿಲ್ಲ, ಯಾವ ಫ್ಲಾಸ್ಕಿನಿಂದ ಯಾರು ಕುಡಿದರು ಅಂತ ನೋಡುವುದೂ ಬೇಡ.

ನಾಳೆ ಶಿಬಿರ ಬೆಳಿಗ್ಗೆ ಹಾಲು ಅಳೆದ ಮೇಲೆ ಶುರುವಾಗುತ್ತದೆ. ಚೀಟಿ ಕಾರ್ಯದರ್ಶಿಗಳ ಹತ್ತಿರ ಇದೆ. ಬೀರುವಿನಲ್ಲೋ ಟ್ರಂಕಿನಲ್ಲೋ ಹಳೇ ರಿಪೋರ್ಟು ಇದ್ದರೆ ಇವತ್ತು ರಾತ್ರಿಯೇ ಹುಡುಕಿ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು ಎಷ್ಟು ತಯಾರಿದ್ದೀರಿ ಅಂತ ಕೇಳಿದರೆ ಮುಲಾಜಿಗೆ ಹತ್ತು ಅನ್ನಬೇಡಿ. ಎರಡಿದ್ದರೆ ಎರಡು ಅನ್ನಿ. ನಮ್ಮಕ್ಕ ಭಾವನ ಆ 2016ರ ಕವರನ್ನು ನನ್ನ ಕೈಗೆ ಕೊಟ್ಟಿದ್ದಾಳೆ, ನಾಳೆ ಅದನ್ನು ತರುತ್ತೇನೆ. ನೋಡಬೇಕು ಅನ್ನುವವರು ನೋಡಬಹುದು.